ಐಸ್‌ಪ್ಯಾಕ್ ಬೆವರಿದರೆ ಸಾಲದು

ಗುರುವಾರದ ಲಸಿಕೆ ದಿನಕ್ಕೆ ಕ್ಯಾರಿಯರ್ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆ) ಸಿದ್ಧ ಮಾಡುವಾಗ ನಾನು ಹೆಚ್ಚು ಹೊತ್ತು ಕೊಡುವುದು ಐಸ್‌ಪ್ಯಾಕಿಗೆ. ಡೀಪ್ ಫ್ರೀಜರಿನಿಂದ ತೆಗೆದ ಪ್ಯಾಕು ಮೈನಸ್ 15ರಿಂದ ಮೈನಸ್ 25 ಡಿಗ್ರಿಯಲ್ಲಿರುತ್ತದೆ. ಅದನ್ನು ಹಾಗೇ ಒಳಗಿಟ್ಟರೆ ಪಕ್ಕದ ಪೆಂಟಾವೇಲೆಂಟ್ (ಐದು ರೋಗ ತಡೆಯುವ ಲಸಿಕೆ, ಪೆಂಟಾ) ಸೀಸೆ ಹೆಪ್ಪುಗಟ್ಟುತ್ತದೆ. ಪ್ಯಾಕ್ ಹದಕ್ಕೆ ಬಂದಿದೆ ಎನ್ನಲು ತರಬೇತಿಯಲ್ಲಿ ಎರಡು ಗುರುತು ಹೇಳುತ್ತಾರೆ: ಮೇಲೆ ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಉಡುಪಿಯಲ್ಲಿ ಮೊದಲನೇ ಗುರುತನ್ನು ನಂಬಿದರೆ ಕೆಟ್ಟಿತು. ಮಲ್ಪೆ, ಕಾಪು, ಗಂಗೊಳ್ಳಿ ಕಡೆಯ ತೇವದ ಗಾಳಿಗೆ ಪ್ಯಾಕು ಹೊರಗೆ ಬಂದ ಕೂಡಲೇ ಬೆವರುತ್ತದೆ. ಒಳಗೆ ಮಾತ್ರ ಇನ್ನೂ ಕಲ್ಲು. ಹಾಗಾಗಿ ನನಗೆ ಸದ್ದೇ ಲೆಕ್ಕ. ನಾಲ್ಕೂ ಪ್ಯಾಕುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸದೆ, ನಡುವೆ ಜಾಗ ಬಿಟ್ಟು ಹರಡುತ್ತೇನೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗಿನ ಗಡ್ಡೆ ಗೋಡೆ ಬಿಟ್ಟು ನೀರಲ್ಲಿ ಹೊರಳುವುದು ಕೇಳಬೇಕು. ಏಪ್ರಿಲ್‌ನಲ್ಲಿ ಇದು ಬೇಗ ಆಗುತ್ತದೆ, ಆಟಿಯ ಮಳೆಯಲ್ಲಿ ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಿತು. ಗಡಿಯಾರ ನೋಡಿ ತುಂಬುವ ವಿಷಯ ಅಲ್ಲ ಇದು.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಪೆಂಟಾ, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು), ಟಿಡಿ (ಧನುರ್ವಾಯು, ಗಂಟಲುಮಾರಿ), ಹೆಪಟೈಟಿಸ್ ಬಿ, ಪಿಸಿವಿ (ನ್ಯುಮೋನಿಯಾ) ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟು ಕಟ್ಟಿ, ಕರಗಿದ ಮೇಲೂ ಮೊದಲಿನಂತೆ ಬೆರೆಯುವುದಿಲ್ಲ. ಐಪಿವಿಯಲ್ಲಿ (ಸೂಜಿಯ ಪೋಲಿಯೊ ಲಸಿಕೆ) ಈ ಲವಣ ಇಲ್ಲದಿದ್ದರೂ ಅದಕ್ಕೂ ಹೆಪ್ಪು ಆಗದು. ಸೀಸೆಯ ಮೇಲಿನ ವಿವಿಎಂ ಗುರುತು ತೋರಿಸುವುದು ಬಿಸಿ ತಾಗಿದ್ದನ್ನು ಮಾತ್ರ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ, ಅದೇ ಬಣ್ಣಕ್ಕೆ ಬಂದರೆ ಅಥವಾ ಕಪ್ಪಾದರೆ ಬಿಸಾಡಬೇಕು. ಹೆಪ್ಪುಗಟ್ಟಿ ಕೆಟ್ಟ ಸೀಸೆಯಲ್ಲೂ ಆ ಚೌಕ ಬೆಳ್ಳಗೇ ಇರುತ್ತದೆ. ಸೆಕೆಯ ಊರಲ್ಲಿ ಎಲ್ಲರೂ ಬಿಸಿಗೆ ಹೆದರಿ ಇನ್ನಷ್ಟು ತಣ್ಣಗೆ ಮಾಡಲು ನೋಡುತ್ತಾರೆ. ಲಸಿಕೆ ಹಾಳಾಗುವುದು ಅಲ್ಲೇ.

ಬಿಸಿ ತಡೆಯದವು ಬೇರೆ: ಬಾಯಿಗೆ ಹಾಕುವ ಪೋಲಿಯೊ ಹನಿ ಎಲ್ಲಕ್ಕಿಂತ ಸೂಕ್ಷ್ಮ, ಆಮೇಲೆ ಎಂಆರ್ (ದಡಾರ-ರುಬೆಲ್ಲಾ), ಬಿಸಿಜಿ (ಕ್ಷಯ) ಮುಂತಾದವು. ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ, ಮೇಲೆ ತೆರೆಯುವ ಫ್ರಿಜ್) ಇವು ಕೆಳಗೆ, ಹೆಪ್ಪಿಗೆ ಹೆದರುವವು ಮೇಲಿನ ಬುಟ್ಟಿಯಲ್ಲಿ. ಯಾವುದೂ ನೇರ ತಳಕ್ಕೆ ತಾಗಬಾರದು. ಉಷ್ಣತೆ 2ರಿಂದ 8 ಡಿಗ್ರಿ, ದಿನಕ್ಕೆ ಎರಡು ಸಲ ಬರೆಯುವುದು, ಭಾನುವಾರವೂ. ಮಳೆಗಾಲದಲ್ಲಿ ಮುಚ್ಚಳ ತೆಗೆದಷ್ಟೂ ತೇವ ಒಳಗೆ ಹೋಗಿ ಗೋಡೆಗೆ ಮಂಜು ಕಟ್ಟುತ್ತದೆ. ಅದು ಅರ್ಧ ಸೆಂಟಿಮೀಟರ್ ದಾಟಿದರೆ ಕರಗಿಸಲೇಬೇಕು. ಕರೆಂಟ್ ಹೋದಾಗ ತೆರೆದು ನೋಡುವ ಚಾಳಿ ಬೇಡ.

ಕ್ಯಾರಿಯರ್‌ನಲ್ಲಿ ಸೀಸೆಗಳು ಜಿಪ್ ಚೀಲದಲ್ಲೇ ಇರಬೇಕು. ಇಲ್ಲದಿದ್ದರೆ ಪ್ಯಾಕ್ ಬೆವರಿ ಸೇರಿದ ನೀರಿಗೆ ಲೇಬಲ್ ಎದ್ದು ಹೋಗುತ್ತದೆ, ಮೇಲಿನ ರಬ್ಬರ್ ಮುಳುಗುತ್ತದೆ. ರಬ್ಬರ್ ಮುಳುಗಿದ ತೆರೆದ ಸೀಸೆ ಮತ್ತೆ ಉಪಯೋಗಕ್ಕಿಲ್ಲ.

ಎಂಆರ್ ಕಲಸುವಾಗ ಅವಸರ ಮಾಡಬಾರದು. ವಿವಿಎಂ ಇರುವುದು ಮುಚ್ಚಳ ಅಥವಾ ಕುತ್ತಿಗೆಯ ಮೇಲೆ, ಹಾಗಾಗಿ ತೆರೆಯುವ ಮೊದಲೇ ನೋಡಬೇಕು. ಡೈಲ್ಯುಯೆಂಟ್ (ಪುಡಿ ಲಸಿಕೆ ಕಲಸುವ ದ್ರವ) ಅದೇ ಕಂಪನಿಯದ್ದಾಗಿರಬೇಕು, ಹಿಂದಿನ ದಿನವೇ ಐಎಲ್‌ಆರ್‌ನಲ್ಲಿಟ್ಟು ತಣ್ಣಗಾಗಿರಬೇಕು. ಕಲಸಿದ ಹೊತ್ತನ್ನು ಆಗಲೇ ಲೇಬಲ್ ಮೇಲೆ ಬರೆಯುತ್ತೇನೆ, ಸೀಸೆಯನ್ನು ಐಸ್‌ಪ್ಯಾಕಿನ ಗುಳಿಯಲ್ಲಿ ನಿಲ್ಲಿಸುತ್ತೇನೆ. ನಾಲ್ಕು ಗಂಟೆ ಆದ ಮೇಲೆ, ಅಥವಾ ಅದಕ್ಕೆ ಮೊದಲೇ ಶಿಬಿರ ಮುಗಿದರೆ ಆಗಲೇ, ಎಷ್ಟೇ ಉಳಿದಿರಲಿ ಬಿಸಾಡುವುದು. ಸೂಕ್ಷ್ಮಾಣು ಸೇರಿದರೆ ಅದರೊಳಗೆ ಬೆಳೆಯುತ್ತದೆ, ಮಗುವಿಗೆ ಟಾಕ್ಸಿಕ್ ಶಾಕ್ ಆಗಿ ಜೀವಕ್ಕೇ ಬರಬಹುದು. ಬಿಸಿಜಿಗೂ ಇದೇ ನಿಯಮ. ಪೆಂಟಾ, ಪಿಸಿವಿ, ಐಪಿವಿ, ಪೋಲಿಯೊ ಹನಿ ಹಾಗಲ್ಲ: ತೆರೆದ ತಾರೀಕು, ಹೊತ್ತು ಬರೆದಿದ್ದು, ವಿವಿಎಂ ಸರಿಯಿದ್ದು, ಶೀತಸರಣಿ (ಎಲ್ಲ ಹಂತದಲ್ಲೂ ತಂಪು) ತಪ್ಪದಿದ್ದರೆ 28 ದಿನ ಬಳಸಬಹುದು.

ಹೊಸಬರು ಎಡವುವುದು ಎಡಿ ಸಿರಿಂಜಿನಲ್ಲಿ (ಒಂದು ಸಲ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜು). ಮಾಮೂಲಿ ಸಿರಿಂಜಿನ ಅಭ್ಯಾಸದಲ್ಲಿ ಮೊದಲು ಗಾಳಿ ಎಳೆದು ಸೀಸೆಗೆ ಬಿಡುತ್ತಾರೆ, ಅಷ್ಟಕ್ಕೇ ಪಿಸ್ಟನ್ ಲಾಕ್ ಆಗಿ ಸಿರಿಂಜು ದಂಡ. ಇದರ ಪಿಸ್ಟನ್ ಹಿಂದೆ ಮುಂದೆ ಹೋಗುವುದು ಒಂದೇ ಸಲ. ಭಾಗಶಃ ಐಪಿವಿ (ಕಡಿಮೆ ಪ್ರಮಾಣದ ಡೋಸು) 0.1 ಮಿಲಿ, ಚರ್ಮದ ಒಳಪದರಕ್ಕೆ. ಸೂಜಿ ತುದಿಯ ಓರೆ ಬದಿ ಮೇಲ್ಮುಖವಾಗಿ, ಹೆಚ್ಚುಕಡಿಮೆ ಚರ್ಮಕ್ಕೆ ಒರಗಿದಂತೆ ಹೋಗಬೇಕು. ತಳ್ಳುವಾಗ ಬಿಗಿ ಅನ್ನಿಸಿ, ಕಿತ್ತಳೆ ಸಿಪ್ಪೆಯಂಥ ಬಿಳಿ ಗುಳ್ಳೆ ಎದ್ದರೆ ಸರಿಯಾಗಿದೆ. ಸಲೀಸಾಗಿ ಹೋಯಿತೆಂದರೆ ಸೂಜಿ ಆಳಕ್ಕೆ ಇಳಿದಿದೆ. 6 ಮತ್ತು 14 ವಾರಕ್ಕೆ ಇದು ಬಲ ತೋಳಿಗೆ, 9 ತಿಂಗಳಿಗೆ ಎಡ ತೋಳಿಗೆ. ಪೆಂಟಾ 0.5 ಮಿಲಿ ಎಡ ತೊಡೆಯ ಹೊರಮಗ್ಗುಲಿಗೆ, ಪಿಸಿವಿ ಬಲ ತೊಡೆಗೆ. ಜಾಗ ಅದಲುಬದಲು ಮಾಡಬಾರದು. ನಾಳೆ ಬಾವು ಬಂದರೆ ಯಾವುದರಿಂದ ಎಂದು ತಿಳಿಯುವುದು ಇದರಿಂದಲೇ.

ಕರಾವಳಿಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ 14 ವಾರದ ಸೂಜಿ. ಬಾಣಂತನ ತವರಲ್ಲಿ, 6, 10 ವಾರದ್ದು ಅಲ್ಲೇ ಆಗುತ್ತದೆ. ಮೂರು ತಿಂಗಳಾಗಿ ಗಂಡನ ಮನೆಗೆ ಹೊರಡುವ ಹೊತ್ತಿಗೇ 14ನೇ ವಾರ ಬರುತ್ತದೆ. ಬೈಂದೂರಿನ ಆರೋಗ್ಯ ಕಾರ್ಯಕರ್ತರು ತಾಯಿ-ಮಗು ಮಂಗಳೂರಿಗೆ ಹೋಗಿದ್ದಾರೆ ಎನ್ನುತ್ತಾರೆ, ಮಂಗಳೂರಿನವರು ಇನ್ನೂ ತಮ್ಮಲ್ಲಿಗೆ ಬಂದಿಲ್ಲ ಎನ್ನುತ್ತಾರೆ. ಹಾಗಾಗಿ 10 ವಾರದ ದಿನವೇ ಹೋಗುವ ಊರು, ಅಲ್ಲಿಯ ಆಶಾ ಯಾರು ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಬರೆಯುತ್ತೇನೆ. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಪೆಂಟಾ ಡೋಸುಗಳ ನಡುವೆ ನಾಲ್ಕು ವಾರಕ್ಕಿಂತ ಕಡಿಮೆಯಾಗಬಾರದು ಅಷ್ಟೆ.

ಸೂಜಿ ಆದ ಮೇಲೆ ಅರ್ಧ ಗಂಟೆ ಕೂರಿಸುವುದು ಕಡ್ಡಾಯ. "ತಿಕ್ಕುದು ಬೇಡ ಅಜ್ಜಿ, ಎಣ್ಣೆಯೂ ಬೇಡ" ಎಂದು ಅಜ್ಜಿಗೇ ಹೇಳಬೇಕು, ಮನೆಯಲ್ಲಿ ಮಗುವನ್ನು ಮೀಯಿಸುವವರು ಅವರೇ. ಪೆಂಟಾದ ಜ್ವರ ಒಂದೆರಡು ದಿನದೊಳಗೆ ಬರುತ್ತದೆ, ಎಂಆರ್‌ನದ್ದು ವಾರ ಕಳೆದು. ಇದನ್ನು ಮುಂಚೆ ಹೇಳದಿದ್ದರೆ ದಡಾರದ ಸೂಜಿಯಿಂದಲೇ ದಡಾರ ಬಂತು ಎಂಬ ಮಾತು ಊರು ಸುತ್ತುತ್ತದೆ. ಬಿಸಿಜಿ ಆದ ತೋಳಲ್ಲಿ ಎರಡು ಮೂರು ವಾರಕ್ಕೆ ಗಂಟು ಎದ್ದು ಹುಣ್ಣಾಗಿ ಕಲೆ ಉಳಿಯುತ್ತದೆ. ಅದಕ್ಕೆ ಅರಿಶಿನ, ಮುಲಾಮು ಏನೂ ಹಚ್ಚಬಾರದು.

ಸಂಜೆ ವಾಪಸು ತಂದ ಸೀಸೆಗಳಿಗೆ ಐಎಲ್‌ಆರ್‌ನಲ್ಲಿ ಬೇರೆ ಡಬ್ಬಿ, ಮುಂದಿನ ವಾರ ಮೊದಲು ಅವೇ ಹೋಗಬೇಕು. ಬಿಸಾಡಬೇಕಾದ ಎಂಆರ್, ಬಿಸಿಜಿ ಸೀಸೆಗಳನ್ನು ತಾರೀಕು ಬರೆದು 48 ಗಂಟೆ ತೆಗೆದಿಡುತ್ತೇನೆ. ಯಾವುದಾದರೂ ಮಗುವಿಗೆ ತೊಂದರೆಯಾದರೆ ಪರೀಕ್ಷೆಗೆ ಕೇಳುವುದು ಆ ಸೀಸೆಯನ್ನೇ.