ಸ್ಪೆನ್ಸರ್ ಬಂಗಲೆಯಲ್ಲಿ ಗುಂಡು ಮತ್ತು ಸೀಮೆಎಣ್ಣೆಯ ಲೆಕ್ಕ

ಶಿಂಜಿ ಮಿಕಾಮಿ 1996ರಲ್ಲಿ ನಿರ್ದೇಶಿಸಿದ ‘ರೆಸಿಡೆಂಟ್ ಈವಿಲ್’ ಎಂಬ ವಿಡಿಯೊ ಆಟವನ್ನು ಅವರೇ 2002ರಲ್ಲಿ ಹೊಸದಾಗಿ ಕಟ್ಟಿದರು. ಆ ಮರುನಿರ್ಮಾಣದ ಎಚ್‌ಡಿ ಆವೃತ್ತಿಯನ್ನು ನಾನು ಹಲವು ಸಲ, ಹೆಚ್ಚಾಗಿ ಕ್ರಿಸ್ ರೆಡ್‌ಫೀಲ್ಡ್‌ನ ಪಾತ್ರದಲ್ಲಿ, ಆಡಿ ಮುಗಿಸಿದ್ದೇನೆ. ಆಟ ನಡೆಯುವ ಸ್ಪೆನ್ಸರ್ ಬಂಗಲೆಯಲ್ಲಿ ಸಿಗುವ ಗುಂಡು, ಗಾಯ ಗುಣಪಡಿಸುವ ಮೂಲಿಕೆ, ಸೀಮೆಎಣ್ಣೆ, ಆಟವನ್ನು ಸೇವ್ ಮಾಡಲು ಬೇಕಾದ ಟೈಪ್‌ರೈಟರ್ ರಿಬ್ಬನ್ ಎಲ್ಲವಕ್ಕೂ ಮಿತಿಯಿದೆ. ಸತ್ತ ಜೋಂಬಿಯ ಬಳಿ ಏನೂ ಸಿಗುವುದಿಲ್ಲ. ಹಾಗಾಗಿ ಈ ಆಟದಲ್ಲಿ ಕೊಲ್ಲುವುದೆಂದರೆ ಬರೀ ಖರ್ಚು, ವರಮಾನವಿಲ್ಲ. ಆ ಖರ್ಚನ್ನು ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದನ್ನು ನಾನು ಶತ್ರುವನ್ನು ನೋಡಿ ನಿರ್ಧರಿಸುವುದಿಲ್ಲ, ದಾರಿಯನ್ನು ನೋಡಿ ನಿರ್ಧರಿಸುತ್ತೇನೆ.

ಆಟದೊಳಗೇ ನಕ್ಷೆ ಇದ್ದರೂ ನಾನು ಕಾಗದದ ಮೇಲೆ ಬಂಗಲೆಯ ಎರಡು ಅಂತಸ್ತುಗಳ ಒರಟು ಚಿತ್ರ ಬರೆದಿಟ್ಟುಕೊಂಡು, ಒಂದು ಕಾರಿಡಾರನ್ನು ದಾಟಿದಾಗಲೆಲ್ಲ ಅಲ್ಲಿ ಒಂದು ಗೀಟು ಹಾಕುತ್ತಾ ಬಂದೆ. ಕತ್ತಿಯ ಕೀಲಿ, ರಕ್ಷಾಕವಚದ ಕೀಲಿ, ಗುರಾಣಿಯ ಕೀಲಿ ಹೀಗೆ ಒಂದೊಂದು ಕೀಲಿ ಕೈಸೇರಿದಂತೆಲ್ಲ ಹಳೆಯ ದಾರಿಗಳಲ್ಲೇ ಮತ್ತೆ ಓಡಾಡಬೇಕಾಗುವುದರಿಂದ, ಕೆಲವೇ ಕಾರಿಡಾರುಗಳಲ್ಲಿ ಗೀಟುಗಳು ರಾಶಿಯಾಗುತ್ತವೆ. ಉಳಿದವುಗಳಲ್ಲಿ ಒಂದೋ ಎರಡೋ ಇರುತ್ತವೆ. ಮೆಟ್ಟಿಲುಗಳ ಸುತ್ತಲಿನ ಜಾಗ, ವಸ್ತುಗಳನ್ನು ಕೂಡಿಡುವ ಪೆಟ್ಟಿಗೆ ಇರುವ ಸೇವ್ ಕೋಣೆಗೆ ಹೋಗುವ ದಾರಿ, ಎರಡು ಭಾಗಗಳನ್ನು ಕೂಡಿಸುವ ಇಕ್ಕಟ್ಟಾದ ತಿರುವು, ಗುಂಡು ಖರ್ಚಾಗಬೇಕಾದದ್ದು ಇಲ್ಲಿ. ಒಂದೇ ಸಲ ಹೋಗಿ ವಸ್ತು ಎತ್ತಿಕೊಂಡು ಬರುವ ಕೋಣೆಯಲ್ಲಿ ಜೋಂಬಿ ಇದ್ದರೆ ಅದರ ಪಾಡಿಗೆ ಅದು ಇರಲಿ.

ಹಾಗೆ ಬಿಟ್ಟುಬಿಡುವುದು ಈ ಮರುನಿರ್ಮಾಣದಲ್ಲಿ ಇನ್ನೂ ಮುಖ್ಯವಾಗುವುದಕ್ಕೆ ಒಂದು ಕಾರಣವಿದೆ. ಇಲ್ಲಿ ಗುಂಡು ತಿಂದು ಬಿದ್ದ ಜೋಂಬಿ, ತಲೆ ಸಿಡಿಯದೆ ಅಥವಾ ಸುಟ್ಟುಹೋಗದೆ ಉಳಿದರೆ, ಸ್ವಲ್ಪ ಕಾಲದ ನಂತರ ಕ್ರಿಮ್ಸನ್ ಹೆಡ್ ಆಗಿ ಎದ್ದು ಓಡಿಬರುತ್ತದೆ. ನಿಧಾನವಾಗಿ ಕಾಲೆಳೆದು ಬರುತ್ತಿದ್ದ ಪ್ರಾಣಿಯನ್ನು ಐದಾರು ಗುಂಡು ಖರ್ಚು ಮಾಡಿ ವೇಗದ, ಉಗುರಿನಿಂದ ಸೀಳುವ ಪ್ರಾಣಿಯಾಗಿ ಬದಲಾಯಿಸಿಕೊಂಡಂತಾಯಿತು. ಬದುಕಿರುವ ಜೋಂಬಿ ಎಂದಿಗೂ ಕ್ರಿಮ್ಸನ್ ಹೆಡ್ ಆಗುವುದಿಲ್ಲ ಎಂಬ ಈ ನಿಯಮವನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಆಟದ ನಿರ್ಧಾರಗಳು ತಾವಾಗಿಯೇ ಆಗಿಬಿಡುತ್ತವೆ: ಸುಡಲು ಆಗದ ಕಡೆ ಕೊಲ್ಲಬಾರದು.

ಸುಡುವುದಕ್ಕೆ ಲೈಟರ್ ಬೇಕು, ಸೀಮೆಎಣ್ಣೆಯ ಡಬ್ಬಿ ಬೇಕು. ಆ ಡಬ್ಬಿ ಎರಡು ಹೆಣಗಳಿಗೆ ಸಾಲುವಷ್ಟು ಎಣ್ಣೆಯನ್ನು ಮಾತ್ರ ಹಿಡಿಯುತ್ತದೆ. ಮತ್ತೆ ತುಂಬಿಸಿಕೊಳ್ಳಲು ಎಣ್ಣೆ ಇರುವ ಜಾಗಕ್ಕೇ ಹೋಗಬೇಕು. ಕ್ರಿಸ್‌ನ ಬಳಿ ಲೈಟರ್ ಮೊದಲಿನಿಂದಲೂ ಇದ್ದು ಅದು ಇನ್ವೆಂಟರಿಯಲ್ಲಿ, ಅಂದರೆ ಹೊತ್ತೊಯ್ಯುವ ವಸ್ತುಗಳ ಖಾನೆಗಳಲ್ಲಿ, ಜಾಗ ತಿನ್ನುವುದಿಲ್ಲ. ಆಡಲು ಸಿಗುವ ಇನ್ನೊಂದು ಪಾತ್ರವಾದ ಜಿಲ್ ವ್ಯಾಲೆಂಟೈನ್‌ಗೆ ಎಂಟು ಖಾನೆಗಳಿದ್ದರೂ ಲೈಟರಿಗೆ ಒಂದು, ಡಬ್ಬಿಗೆ ಒಂದು ಕೊಡಬೇಕಾಗುತ್ತದೆ. ಈ ಕಾರಣಕ್ಕೆ ನಾನು ಡಬ್ಬಿಯನ್ನು ಯಾವಾಗಲೂ ಹೊತ್ತು ತಿರುಗುವುದಿಲ್ಲ. ಸುಡುವುದಕ್ಕೆಂದೇ ಒಂದು ಸುತ್ತು ಹೊರಡುತ್ತೇನೆ: ಕೀಲಿ, ಒಗಟಿನ ವಸ್ತುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು, ಪಿಸ್ತೂಲು ಮತ್ತು ಡಬ್ಬಿ ಮಾತ್ರ ಹಿಡಿದು, ಗೀಟುಗಳು ಹೆಚ್ಚಾಗಿರುವ ಎರಡು ಜಾಗಗಳನ್ನು ಆರಿಸಿ, ಅಲ್ಲಿನವುಗಳನ್ನು ಉರುಳಿಸಿ, ಕೂಡಲೇ ಸುಟ್ಟು ಹಿಂದಿರುಗುತ್ತೇನೆ. ಶಾಟ್‌ಗನ್ ಸಿಕ್ಕ ಮೇಲೆ ಜೋಂಬಿಯನ್ನು ತೀರ ಹತ್ತಿರಕ್ಕೆ ಬರಗೊಟ್ಟು, ನಳಿಗೆಯನ್ನು ಮೇಲಕ್ಕೆತ್ತಿ ಹೊಡೆದರೆ ತಲೆಯೇ ಹೋಗುವುದರಿಂದ ಎಣ್ಣೆಯ ಅಗತ್ಯವಿಲ್ಲ. ಒಂದು ಶಾಟ್‌ಗನ್ ತೋಟಾ ಒಂದು ಕಡೆ, ಐದಾರು ಪಿಸ್ತೂಲು ಗುಂಡು ಮತ್ತು ಅರ್ಧ ಡಬ್ಬಿ ಎಣ್ಣೆ ಇನ್ನೊಂದು ಕಡೆ, ಇವೆರಡನ್ನೂ ತೂಗಿ ನೋಡಿದರೆ ನನಗೆ ತೋಟಾವೇ ಅಗ್ಗವೆನಿಸುತ್ತದೆ. ಆದರೆ ಅಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುವ ಧೈರ್ಯಕ್ಕೆ ಅಭ್ಯಾಸ ಬೇಕು.

ಗುಂಡು ಹಾರಿಸದೆ ದಾಟುವುದೂ ಅಭ್ಯಾಸದಿಂದಲೇ ಬರುತ್ತದೆ. ಜೋಂಬಿಯ ಕೈಗೆ ಸಿಗುವಷ್ಟು ಹತ್ತಿರ ಹೋಗಿ, ಅದು ಮುಂದಕ್ಕೆ ಬಾಗಿ ಹಿಡಿಯಲು ಬರುವಾಗ ಹಿಂದೆ ಸರಿದು, ಅದು ಸಾವರಿಸಿಕೊಳ್ಳುವಷ್ಟರಲ್ಲಿ ಅಗಲವಿರುವ ಬದಿಯಿಂದ ನುಸುಳಿಬಿಡಬೇಕು. ಊಟದ ಕೋಣೆಯಲ್ಲಾದರೆ ಉದ್ದನೆಯ ಮೇಜಿನ ಸುತ್ತ ಸುತ್ತಿಸಿದರೂ ಆಯಿತು. ಇಕ್ಕಟ್ಟಾದ ಕಡೆ ಇದು ನಡೆಯುವುದಿಲ್ಲ. ಅಲ್ಲಿ ಆತ್ಮರಕ್ಷಣೆಯ ಕಠಾರಿಯನ್ನು ಬಳಸುತ್ತೇನೆ. ಅನೇಕರು ಕಠಾರಿಗಳನ್ನು ಆಪತ್ತಿಗೆಂದು ಕೊನೆಯವರೆಗೂ ಬಳಸದೆ ಕೂಡಿಡುವುದನ್ನು ನೋಡಿದ್ದೇನೆ. ನನ್ನ ಮಟ್ಟಿಗೆ ಕಠಾರಿಯೆಂದರೆ ಒಂದು ಇಕ್ಕಟ್ಟನ್ನು ದಾಟಲು ಕೊಡುವ ಸುಂಕ. ಬೇಕೆಂದೇ ಹಿಡಿತಕ್ಕೆ ಸಿಕ್ಕಿ, ಅದನ್ನು ಚುಚ್ಚಿ, ಮುಂದಕ್ಕೆ ಓಡಿದರೆ ಮೂಲಿಕೆಯೂ ಉಳಿಯುತ್ತದೆ, ಗುಂಡೂ ಉಳಿಯುತ್ತದೆ.

ಕ್ರಿಸ್‌ಗೆ ಇರುವುದು ಆರು ಖಾನೆ. ಹೊರಡುವ ಮೊದಲು ಪಿಸ್ತೂಲಿಗೆ ಹದಿನೈದು ಗುಂಡು ತುಂಬಿ, ಉಳಿದ ಗುಂಡುಗಳನ್ನು ಪೆಟ್ಟಿಗೆಯಲ್ಲೇ ಬಿಡುತ್ತೇನೆ, ಏಕೆಂದರೆ ಹದಿನೈದೂ ಮುಗಿಯುವಂಥ ಸುತ್ತು ಎಂದರೆ ಯೋಜನೆಯೇ ಸರಿಯಿಲ್ಲದ ಸುತ್ತು. ಪಿಸ್ತೂಲು, ಒಂದು ಬೆರೆಸಿದ ಮೂಲಿಕೆ, ಒಂದು ಕೀಲಿ ಇಷ್ಟಕ್ಕೆ ಮೂರು ಖಾನೆ ಹೋಗುತ್ತವೆ. ಉಳಿದ ಮೂರನ್ನು ಖಾಲಿಯಾಗಿಯೇ ಒಯ್ಯುತ್ತೇನೆ. ಖಾನೆ ತುಂಬಿದ್ದರಿಂದ ಸಿಕ್ಕ ವಸ್ತುವನ್ನು ಅಲ್ಲೇ ಬಿಟ್ಟು ಮರಳಿ ಬರುವುದೆಂದರೆ ಅದೇ ಕಾರಿಡಾರನ್ನು ಇನ್ನೆರಡು ಸಲ ದಾಟುವುದು, ಅಂದರೆ ನಕ್ಷೆಯ ಮೇಲೆ ಇನ್ನೆರಡು ಗೀಟು. ಪೆಟ್ಟಿಗೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಎಲ್ಲಿ ಇಟ್ಟರೂ ಎಲ್ಲಿಯಾದರೂ ತೆಗೆದುಕೊಳ್ಳಬಹುದು. ಹಾಗೆ ಕೂಡಿರದ ‘ರಿಯಲ್ ಸರ್ವೈವರ್’ ವಿಧಾನ ಬೇರೆಯೇ ಕಥೆ. ಕೆಂಪು ಮೂಲಿಕೆಯನ್ನು ಒಂಟಿಯಾಗಿ ತಿನ್ನಲಾಗದು, ಆದರೆ ಹಸಿರಿನ ಜೊತೆ ಬೆರೆಸಿದರೆ ಪೂರ್ತಿ ಗುಣವಾಗುತ್ತದೆ. ಮೂರು ಹಸಿರು ಬೆರೆಸಿದರೂ ಅಷ್ಟೇ ಫಲ. ಆರೋಗ್ಯ ತೋರಿಸುವ ಗೆರೆ ಹಳದಿಯಿದ್ದಾಗ ನಾನು ಏನನ್ನೂ ತಿನ್ನುವುದಿಲ್ಲ, ಕಿತ್ತಳೆ ಬಣ್ಣ ಕಂಡ ಮೇಲೆಯೇ ಮೂಲಿಕೆಗೆ ಕೈ ಹಾಕುವುದು.

ರಿಬ್ಬನ್‌ಗಳ ವಿಷಯದಲ್ಲಿ ನನ್ನ ನಿಯಮ ಸರಳ: ಒಂದು ಹೊಸ ಕೀಲಿಯೋ ಮುಖವಾಡವೋ ಕೈಸೇರಿ, ಅದಕ್ಕೆ ಖರ್ಚಾದ ಗುಂಡು ಮತ್ತು ಮೂಲಿಕೆಯ ಲೆಕ್ಕ ಮನಸ್ಸಿಗೆ ಒಪ್ಪಿದರೆ ಸೇವ್, ಇಲ್ಲವಾದರೆ ಹಿಂದಿನ ಸೇವ್‌ನಿಂದ ಮತ್ತೆ ಶುರು. ದುಂದಾದ ಸುತ್ತನ್ನು ಸೇವ್ ಮಾಡಿಟ್ಟರೆ ಆ ಕೊರತೆ ಕೊನೆಯವರೆಗೂ ಬೆನ್ನು ಹತ್ತುತ್ತದೆ. (ಸಂಜೆ ಹೊತ್ತು ಕರೆಂಟ್ ಹೋಗುವ ಊರಿನಲ್ಲಿ ಆಡುವವರು ಈ ನಿಯಮವನ್ನು ಸ್ವಲ್ಪ ಸಡಿಲಿಸಿಕೊಳ್ಳಬಹುದು.)

ದೊಡ್ಡ ಪ್ರಾಣಿಗಳ ವಿಷಯದಲ್ಲಿ ಆಟ ನಮ್ಮನ್ನು ಹೆದರಿಸಿ ಖರ್ಚು ಮಾಡಿಸಲು ನೋಡುತ್ತದೆ. ಅಟ್ಟದ ಮೇಲಿನ ಯಾನ್ ಎಂಬ ಹಾವನ್ನು ಮೊದಲ ಭೇಟಿಯಲ್ಲಿ ಕೊಲ್ಲಲೇಬೇಕೆಂದಿಲ್ಲ. ಸುತ್ತಿ ಬಂದು ಮುಖವಾಡ ಎತ್ತಿಕೊಂಡು ಹೊರಬೀಳಬಹುದು. ರಾಕ್ಷಸರೂಪ ತಾಳಿದ ಲೀಸಾ ಟ್ರೆವರ್‌ಳನ್ನು ಗುಂಡಿನಿಂದ ಕೊಲ್ಲಲಾಗದು, ಅವಳ ಗುಡಿಸಲಿನಲ್ಲಿ ಹಾರಿಸಿದ ಪ್ರತಿ ಗುಂಡೂ ನಷ್ಟವೇ. ನೀರು ತುಂಬಿದ ನೆಲಮಾಳಿಗೆಯ ಶಾರ್ಕನ್ನು ನೀರು ಬಸಿದು, ವಿದ್ಯುತ್ ಹರಿಸಿ ಮುಗಿಸುವ ವ್ಯವಸ್ಥೆ ಅಲ್ಲೇ ಇದೆ. ಪ್ಲಾಂಟ್ 42 ಎಂಬ ಗಿಡದ ಬೇರಿಗೆ ವಿ-ಜೋಲ್ಟ್ ರಾಸಾಯನಿಕ ಸುರಿದರೆ ಕಾದಾಟದ ಬಹುಪಾಲು ತಪ್ಪುತ್ತದೆ. ರಾಸಾಯನಿಕ ಬೆರೆಸಲು ಸಮಯ ಹಿಡಿಯುತ್ತದೆ ನಿಜ, ಆದರೆ ಸಮಯಕ್ಕೆ ಈ ಆಟದಲ್ಲಿ ಖಾನೆ ಬೇಕಾಗಿಲ್ಲ.

ಗಾರ್ಡ್‌ಹೌಸ್‌ನಿಂದ ಬಂಗಲೆಗೆ ಮರಳಿದಾಗ ಹಾರಿ ಬಂದು ಸೀಳುವ ಪ್ರಾಣಿಗಳಾದ ಹಂಟರ್‌ಗಳು ಕಾಣಿಸಿಕೊಂಡು ಲೆಕ್ಕವನ್ನೆಲ್ಲ ಕದಡುತ್ತವೆ. ಸುಟ್ಟು ತೆರವು ಮಾಡಿದ್ದ ದಾರಿಗಳೂ ಮತ್ತೆ ಅಪಾಯದವಾಗುತ್ತವೆ, ಹಂಟರ್ ಹಾರಿ ಬಂದರೆ ಒಂದೇ ಏಟಿಗೆ ತಲೆ ಹೋಗಬಹುದು. ಇಲ್ಲಿಯವರೆಗೆ ಕೂಡಿಟ್ಟ ಶಾಟ್‌ಗನ್ ತೋಟಾಗಳು ಈ ಭಾಗಕ್ಕೆಂದೇ ಇರುವುದರಿಂದ ನಾನು ಕೈ ಬಿಗಿ ಹಿಡಿಯುವುದಿಲ್ಲ. ಹಾಗೆಂದು ಗೀಟಿನ ಲೆಕ್ಕವನ್ನು ಕೈಬಿಡುವುದೂ ಇಲ್ಲ: ಶಿರಸ್ತ್ರಾಣದ ಕೀಲಿಯಿಂದ ತೆರೆಯುವ ಬಾಗಿಲುಗಳನ್ನು ಮೊದಲೇ ಗುರುತಿಸಿಕೊಂಡು, ಅವನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸುವಂತೆ ದಾರಿ ಹಾಕಿಕೊಳ್ಳುತ್ತೇನೆ.

ಇದೇ ವಿಧಾನವನ್ನು 2019ರ ‘ರೆಸಿಡೆಂಟ್ ಈವಿಲ್ 2’ ಮರುನಿರ್ಮಾಣಕ್ಕೆ ಒಯ್ದಾಗ ಸ್ವಲ್ಪ ಬದಲಾಯಿಸಬೇಕಾಯಿತು. ಅಲ್ಲಿ ಸೀಮೆಎಣ್ಣೆಯ ಬದಲು ಕಿಟಕಿಗೆ ಹೊಡೆಯುವ ಹಲಗೆಗಳಿವೆ, ಅವನ್ನೂ ಹೆಚ್ಚು ಓಡಾಡುವ ಕಾರಿಡಾರಿಗೇ ಮೀಸಲಿಡುತ್ತೇನೆ. ಜೋಂಬಿಯ ತಲೆಗೆ ಹೊಡೆಯುವುದಕ್ಕಿಂತ ಕಾಲಿಗೆ ಹೊಡೆದು ಕೆಡವಿ ದಾಟುವುದು ಅಗ್ಗ. ಆದರೆ ಬೆನ್ನಟ್ಟಿ ಬರುವ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದಿನ ನಡುವೆ ಕಾಗದದ ಮೇಲೆ ಗೀಟು ಹಾಕುತ್ತಾ ಕೂರುವುದು ಕಷ್ಟ.

ಸ್ಪೆನ್ಸರ್ ಬಂಗಲೆಯ ಕೆಳಗಿನ ಪ್ರಯೋಗಾಲಯಕ್ಕೆ ಇಳಿದ ಮೇಲೆ ಹಳೆಯ ಕಾರಿಡಾರುಗಳಿಗೆ ಮರಳುವ ಅಗತ್ಯ ಇಲ್ಲವಾಗುವುದರಿಂದ ನಕ್ಷೆಯನ್ನು ಮಡಿಚಿಟ್ಟು, ಉಳಿದಿರುವ ಮ್ಯಾಗ್ನಮ್ ಗುಂಡುಗಳನ್ನು ಅಲ್ಲಿನ ದೈತ್ಯ ಟೈರಂಟ್‌ನ ಮೇಲೆ ಧಾರಾಳವಾಗಿ ಬಳಸುತ್ತೇನೆ. ಜೊತೆಗಾರರೆಲ್ಲರನ್ನೂ ಉಳಿಸಿಕೊಂಡು ಹೆಲಿಪ್ಯಾಡ್ ತಲುಪಿದರೆ, ಅವನನ್ನು ಕೊನೆಗಾಣಿಸುವ ರಾಕೆಟ್ ಲಾಂಚರನ್ನು ಪೈಲಟ್ ಬ್ರ್ಯಾಡ್ ಹೆಲಿಕಾಪ್ಟರಿನಿಂದ ಎಸೆಯುತ್ತಾನೆ. ಅದು ಬಂದು ಬೀಳುವವರೆಗೆ ಓಡಾಡಿಕೊಂಡಿರಲು ಒಂದೆರಡು ಬೆರೆಸಿದ ಮೂಲಿಕೆಗಳು ಕೈಯಲ್ಲಿದ್ದರೆ ಸಾಕು.