ಅಂಡಾಣು ಬಿಡುಗಡೆಯ ದಿನ ನಾನು ಗುರುತಿಸಿಕೊಂಡದ್ದು ಹೀಗೆ

ಫೋನಿನ ಆ್ಯಪ್ ಮುಟ್ಟಾದ 14ನೇ ದಿನಕ್ಕೆ ಒಂದು ಹೂವಿನ ಚಿತ್ರ ಅಂಟಿಸಿ, ಅಂಡಾಣು ಬಿಡುಗಡೆ ಇವತ್ತೇ ಅನ್ನುತ್ತಿತ್ತು. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಅದು ಹೆಚ್ಚುಕಮ್ಮಿ ಸರಿ. ನನ್ನದು ಮೊದಲಿಂದಲೂ ಉದ್ದ, ಕೆಲವು ಸಲ 35 ದಿನ. ಅದೂ ಸಹಜವೇ. ಹಿಗ್ಗುವುದು ಕುಗ್ಗುವುದು ಹೆಚ್ಚಾಗಿ ಬಿಡುಗಡೆಗೆ ಮೊದಲಿನ ಭಾಗ. ನಂತರದ ಭಾಗ ತುಂಬ ಜನರಲ್ಲಿ ಸುಮಾರು ಎರಡು ವಾರ, ಜಾಸ್ತಿ ಬದಲಾಗುವುದಿಲ್ಲ. ಹಾಗಾಗಿ 35 ದಿನದವರಿಗೆ ಬಿಡುಗಡೆ 21ನೇ ದಿನದ ಆಸುಪಾಸು ಬರುತ್ತದೆ. ಮಗು ಬೇಕು ಅಂತ ಕಾಯುವವರಿಗೆ ಈ ಒಂದು ವಾರದ ವ್ಯತ್ಯಾಸ ಸಣ್ಣದಲ್ಲ. ಅಂಡಾಣು ಬದುಕುವುದು 24 ಗಂಟೆಯೊಳಗೆ, ಅಲ್ವಾ?

ಆ್ಯಪ್ ಬಿಟ್ಟು ಥರ್ಮಾಮೀಟರ್ ಹಿಡಿದೆ. ಎರಡು ದಶಾಂಶ ತೋರಿಸುವಂಥದ್ದೇ ಬೇಕು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಏಳುವ ಮೊದಲು, ನೀರು ಕುಡಿಯುವ ಮೊದಲು ನಾಲಿಗೆಯ ಅಡಿಗೆ. ದಿನವೂ ಒಂದೇ ಹೊತ್ತಿಗೆ ನೋಡಿ ಚಾರ್ಟಿನಲ್ಲಿ ಬರೆದಿಡುವುದು. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಏರುತ್ತದೆ, ಅದರಿಂದ ಮೈ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಹಿಂದಿನ ಆರು ದಿನಕ್ಕಿಂತ ಹೆಚ್ಚಿನ ಬಿಸಿ ಸತತ ಮೂರು ದಿನ ನಿಂತರೆ ಬಿಡುಗಡೆ ಆಗಿದೆ ಅಂತ ಲೆಕ್ಕ. ಜ್ವರ ಬಂದ ದಿನದ ಅಂಕಿ ಲೆಕ್ಕಕ್ಕಿಲ್ಲ, ಅದಕ್ಕೆ ಅಡ್ಡಗೆರೆ. ರಾತ್ರಿಯಿಡೀ ಬಯಲಾಟ ನೋಡಿ ಬಂದ ಬೆಳಿಗ್ಗೆಗೂ ಅಡ್ಡಗೆರೆ. ನಮ್ಮ ಮನೆಯವರ ಯಕ್ಷಗಾನದ ಹುಚ್ಚಿನಿಂದ ಚಾರ್ಟಿನಲ್ಲಿ ಅಂಥ ಗೆರೆಗಳಿಗೆ ಬರವಿರಲಿಲ್ಲ.

ಆದರೆ ಥರ್ಮಾಮೀಟರ್ ಹೇಳುವುದು ಆಗಿಹೋದ ಮೇಲೆ. ಮೊದಲೇ ಸುಳಿವು ಕೊಡುವುದು ಬಿಳಿಸ್ರಾವ. ಈಸ್ಟ್ರೋಜೆನ್ ಎಂಬ ಇನ್ನೊಂದು ಹಾರ್ಮೋನ್ ಏರಿದ ಹಾಗೆ ಅದು ತೆಳ್ಳಗಾಗುತ್ತದೆ, ಪಾರದರ್ಶಕವಾಗುತ್ತದೆ, ಎರಡು ಬೆರಳಿನ ನಡುವೆ ಎಳೆದರೆ ತುಂಡಾಗುವುದಿಲ್ಲ. ಮೊಟ್ಟೆಯ ಬಿಳಿಯ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಮೊಟ್ಟೆ ಒಳಗೆ ಬಾರದ ಮನೆ ನಮ್ಮದು. ತಲೆಗೆ ಹಚ್ಚಲು ದಾಸವಾಳದ ಎಲೆ ಕಿವುಚಿದರೆ ಬರುವ ಲೋಳೆ ಉಂಟಲ್ಲ, ನನಗೆ ನೆನಪಾದದ್ದು ಅದು. ಅಂಥ ದಿನಗಳಲ್ಲಿ ವೀರ್ಯಾಣು ಒಳಗೆ 5 ದಿನದವರೆಗೂ ಬದುಕಬಲ್ಲದು. ಅದಕ್ಕೇ ಬಿಡುಗಡೆಗೆ ಮುಂಚಿನ ದಿನಗಳೇ ಮುಖ್ಯ.

ಮೆಡಿಕಲ್‌ನಲ್ಲಿ ಸಿಗುವ ಎಲ್‌ಎಚ್ ಕಿಟ್ ಕೂಡ ಬಳಸಿದೆ. ಬಿಡುಗಡೆಗೆ ಸ್ವಲ್ಪ ಮೊದಲು ಏರುವ ಎಲ್‌ಎಚ್ ಹಾರ್ಮೋನನ್ನು ಅದು ಮೂತ್ರದಲ್ಲಿ ಹುಡುಕುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಇನ್ನು ಒಂದೂವರೆ ದಿನದೊಳಗೆ ಬಿಡುಗಡೆ ಅಂತ ಅರ್ಥ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವ ತೊಂದರೆ) ಇರುವವರಿಗೆ ಇದು ಸುಮ್ನೆ ಆಸೆ ಹುಟ್ಟಿಸಬಹುದು, ಅವರಲ್ಲಿ ಕೆಲವರಿಗೆ ಎಲ್‌ಎಚ್ ಯಾವಾಗಲೂ ಹೆಚ್ಚೇ ಇರುತ್ತದೆ.

ಅತ್ತೆಗೆ ಈ ಚಾರ್ಟ್ ಒಂದು ತಮಾಷೆ. ತುಳುನಾಡಿನ ಕೆಡ್ಡಸ ಹಬ್ಬದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ, ಹಾರೆ ಹಾಕಬೇಡಿ ಅಂತ ಊರಿಗೆಲ್ಲ ಕೇಳುವಂತೆ ಹೇಳುವವರು, ನನ್ನ ಡೇಟಿನ ಮಾತು ಬಂದರೆ ಧ್ವನಿ ತಗ್ಗಿಸುತ್ತಾರೆ.

ಚಾರ್ಟ್ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಡಾಕ್ಟರ ಹತ್ತಿರ. ಪ್ರೊಜೆಸ್ಟೆರಾನ್ ರಕ್ತಪರೀಕ್ಷೆಯನ್ನು ವಾಡಿಕೆಯಂತೆ 21ನೇ ದಿನಕ್ಕೆ ಬರೆಯುತ್ತಾರೆ. ಅದು 28 ದಿನದ ಲೆಕ್ಕ. ನೋಡಬೇಕಾದ್ದು ಬಿಡುಗಡೆಯಾಗಿ ಒಂದು ವಾರದ ಮೇಲೆ. ಡಾಕ್ಟರು ನನ್ನ ಗೆರೆಗಳನ್ನು ನೋಡಿ ಪರೀಕ್ಷೆಯನ್ನು 28ನೇ ದಿನಕ್ಕೆ ಹಾಕಿದರು. ಅದೇ ಚೀಟಿಯಲ್ಲಿ ನಮ್ಮವರ ವೀರ್ಯ ಪರೀಕ್ಷೆಯನ್ನೂ ಬರೆದುಕೊಟ್ಟರು. ಅದಕ್ಕೆ ಚಾರ್ಟ್ ಏನೂ ಬೇಡ, 2ರಿಂದ 7 ದಿನ ಸಂಯಮ ಇದ್ದರೆ ಸಾಕು.