ಸೇವೆಗೆಂದು ಬಂದ ಪ್ರವಾಸಿಗೆ ಏನು ಕೆಲಸ ಹಚ್ಚಬೇಕು

ಹಂಪಿ ನೋಡಿ ಹೊಳೆ ದಾಟಿ ಆನೆಗೊಂದಿ ಕಡೆ ಬಂದವರಲ್ಲಿ ಕೆಲವರು ‘ಎರಡು ವಾರ ಇದ್ದು ಊರಿಗೆ ಏನಾದರೂ ಮಾಡ್ತೀವಿ’ ಅನ್ನುತ್ತಾರೆ. ಬಹಳ ಮಂದಿ ಕೇಳುವುದು ಎರಡೇ ಕೆಲಸ: ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ಶಾಲೆಯ ಗೋಡೆಗೆ ಬಣ್ಣ ಬಳಿಯುವುದು. ನಮ್ಮ ಅನುಭವದಲ್ಲಿ ಊರಿಗೆ ಹೆಚ್ಚು ತ್ರಾಸು ಕೊಡುವವೂ ಇವೇ.

ಅತಿಥಿಗಳು ಬರುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಹತ್ತನೇ ತರಗತಿಯವರು ಪರೀಕ್ಷೆಗೆ ಕೂತು ಓದುವ ಹೊತ್ತದು. ಒಂದು ತಂಡ ಹೋಗಿ ಇನ್ನೊಂದು ಬಂದಾಗ ಪಾಠ ಮತ್ತೆ ಎ, ಬಿ, ಸಿಗೇ ಬರುತ್ತದೆ. ಮಕ್ಕಳು ಬಂದವರನ್ನು ಖುಷಿಪಡಿಸುವುದನ್ನಷ್ಟೇ ಕಲಿಯುತ್ತಾರೆ. ಅದಕ್ಕೇ ಟೀಚರ್ ಪಕ್ಕದಲ್ಲಿಲ್ಲದೆ ಯಾರನ್ನೂ ತರಗತಿಗೆ ಬಿಡುವುದಿಲ್ಲ. ಪಾಠ ಎಲ್ಲಿಗೆ ನಿಂತಿತೆಂದು ಒಂದು ನೋಟ್‌ಬುಕ್‌ನಲ್ಲಿ ಬರೆಸುತ್ತೇವೆ, ಮುಂದಿನವರು ಅಲ್ಲಿಂದಲೇ ಹಿಡಿಯಬೇಕು. ಪೆನ್ನು, ಚಾಕೊಲೇಟು ಮಕ್ಕಳ ಕೈಗೆ ಕೊಡುವುದು ಬಂದ್. ಒಮ್ಮೆ ಕೊಟ್ಟರೆ ಮರುದಿನದಿಂದ ಕಂಡ ಕಂಡ ಪ್ರವಾಸಿಯ ಹಿಂದೆ ‘ಒನ್ ಪೆನ್’ ಅಂತ ಓಡುತ್ತಾರೆ. ಕೊಡಲೇಬೇಕೆಂದರೆ ಮುಖ್ಯ ಶಿಕ್ಷಕರಿಗೆ ಕೊಟ್ಟು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಲೆಕ್ಕದಲ್ಲಿ ಬರೆಸಲಿ. ಅನಾಥಾಲಯಕ್ಕಂತೂ ಯಾರನ್ನೂ ಕರೆದೊಯ್ಯುವುದಿಲ್ಲ. ಕಾಂಬೋಡಿಯಾ, ನೇಪಾಳಗಳಲ್ಲಿ ಸೇವೆಗೆಂದು ಬರುವ ಪ್ರವಾಸಿಗರ ದುಡ್ಡಿಗಾಗಿಯೇ ತಂದೆ-ತಾಯಿ ಇರುವ ಮಕ್ಕಳನ್ನೂ ಅನಾಥರೆಂದು ತಂದಿಟ್ಟುಕೊಂಡದ್ದು ಬಯಲಾಗಿದೆ.

ಗೋಡೆಯ ಕೆಲಸದಲ್ಲಿ ನಷ್ಟ ಎರಡು ಕಡೆ. ಬಣ್ಣ ಬಳಿಯುವವನ ಪಗಾರ ಹೋಗುತ್ತದೆ. ಜೊತೆಗೆ ಕಲ್ಲು-ಮಣ್ಣಿನ, ಗಾರೆಯ ಹಳೇ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಒಳಗಿನ ತೇವ ಹೊರಬರದೆ ಮಳೆಗಾಲ ಕಳೆಯುವಷ್ಟರಲ್ಲಿ ಪದರು ಪದರಾಗಿ ಉದುರುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಗೌಂಡಿಗೆ ಪೂರ್ತಿ ಕೂಲಿ ಕೊಟ್ಟು, ಅವನ ಕೈಕೆಳಗೆ ಇಬ್ಬರು ಅತಿಥಿಗಳನ್ನು ಹಚ್ಚುತ್ತೇವೆ. ಹೇಳುವವನು ಅವನು, ಕೇಳುವವರು ಇವರು. ಸುಣ್ಣ ಹಿಂದಿನ ದಿನವೇ ನೆನೆಯಬೇಕು, ಬಟ್ಟೆಯಲ್ಲಿ ಸೋಸಬೇಕು, ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಮೂರು ಸಲ ಬಳಿಯಬೇಕು. ದಪ್ಪ ಬಳಿದರೆ ಒಣಗಿ ಬಿರುಕು ಬಿಡುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಫೋಟೋಕ್ಕೆ ಪೋಸು ಕೊಡುವವರು ಇದನ್ನೇ ಮೊದಲು ತೆಗೆದಿಡುತ್ತಾರೆ!

ಭತ್ತದ ನಾಟಿಗೆ ಮಾತ್ರ ಇಳಿಸುವುದಿಲ್ಲ. ಸಾಲು ತಪ್ಪುತ್ತದೆ, ಗುತ್ತಿಗೆ ಹಿಡಿದ ಹೆಣ್ಣಾಳುಗಳ ಹೊತ್ತು ಹಾಳಾಗುತ್ತದೆ.

ಊಟ-ವಸತಿಯ ದುಡ್ಡು ಒಂದೇ ಮನೆಗೆ ಹೋದರೆ ಓಣಿಯಲ್ಲಿ ಮಾತು ಬಿಡುತ್ತಾರೆ. ಒಂದು ಮನೆಗೆ ಇಬ್ಬರಂತೆ ಸರದಿ ಹಾಕಿ, ಹಣವನ್ನು ಮಹಿಳಾ ಸಂಘದ ಮೂಲಕ ಹಂಚುತ್ತೇವೆ. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರ, ಸ್ನಾನ ಮಾಡುವವರ ಫೋಟೋ ತೆಗೆಯಬಾರದೆಂದು ಬಂದ ದಿನವೇ ಹೇಳಿಬಿಡಬೇಕು; ಮೂರನೇ ದಿನ ಹೇಳಿದರೆ ಅಷ್ಟರಲ್ಲಿ ಜಗಳ ಆಗಿರುತ್ತದೆ.

ಕಾಗದಪತ್ರದ್ದೂ ಒಂದು ಕೆಲಸವಿದೆ. ವಿದೇಶಿಗರು ತಂಗಿದ 24 ಗಂಟೆಯೊಳಗೆ ಮನೆಯವರು ಅವರ ವಿವರದ ಫಾರ್ಮ್ (ಮೊದಲು ಇದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ತುಂಬಬೇಕು. ಇ-ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆಗೆ ಹೆಚ್ಚೆಂದರೆ ಒಂದು ತಿಂಗಳು, ಅದೂ ಸಂಬಳವಿಲ್ಲದೆ. ಮೂರು ತಿಂಗಳ ಪಾಠದ ಯೋಜನೆ ಹಿಡಿದು ಬಂದವರಿಗೆ ಮೊದಲ ಮಾತಿನಲ್ಲೇ ಇದನ್ನು ತಿಳಿಸುತ್ತೇವೆ.